ಹೆರಿಗೆ ಆಸ್ಪತ್ರೆ ಗೇಟಿನ ಮಸಿಯಕ್ಕ

ಬೆಳಗಿನ ಐದೂವರೆ. ಹೆರಿಗೆ ಆಸ್ಪತ್ರೆಯ ಗೇಟಿನೆದುರು ಕಟ್ಟಿದ ನೀಲಿ ಟಾರ್ಪಾಲಿನ ಕೆಳಗೆ ಧರಣಿಯ ಬೆಳಗಿನ ಪಾಳಿಯ ಎಂಟು ಹೆಂಗಸರು ಕಂಬಳಿ ಹೊದ್ದು ಕೂತಿದ್ದಾರೆ. ಎದುರು ಸಾಲಿನ ಫೋಟೊ ಅಂಗಡಿಯ ಷಟರ್ ಅರ್ಧಕ್ಕೆ ಏಳುತ್ತದೆ. ಅದರಡಿಯಿಂದ ಬಗ್ಗಿ ಹೊರಬರುವ ಐವತ್ತೆರಡರ ಹೆಂಗಸಿನ ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಉದ್ದನೆಯ ವೈರು. ವೈರಿನ ಒಂದು ತುದಿ ಅಂಗಡಿಯೊಳಗೇ ಇದೆ. ಇನ್ನೊಂದು ತುದಿಯನ್ನು ರಸ್ತೆಬದಿಯ ಮರದ ಕೊಂಬೆಯ ಮೇಲೆ ಹಾಯಿಸಿ ಟಾರ್ಪಾಲಿನೊಳಗಿನ ಪ್ಲಗ್ ಬೋರ್ಡಿಗೆ ಸಿಕ್ಕಿಸಿದರೆ ಅಲ್ಲಿಗೆ ಆ ದಿನದ ಚಳವಳಿ ಕಣ್ಣುಬಿಟ್ಟಂತೆ.

ಬೋರ್ಡಿನ ಸುತ್ತ ಎಲ್ಲ ಪಾಳಿಯವರವೂ ಸೇರಿ ನಲವತ್ತಕ್ಕೂ ಹೆಚ್ಚು ಮೊಬೈಲುಗಳು ಸರದಿ ಕಾಯುತ್ತಿವೆ. ಒಂದರಂತೆ ಇನ್ನೊಂದು ಇರುವುದರಿಂದ ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡಿನಲ್ಲಿ ಒಂದೊಂದು ಬಣ್ಣದ ಬಟ್ಟೆಚೂರು ಸಿಕ್ಕಿಸಲಾಗಿದೆ. "ಹಸಿರು ಬಟ್ಟೆ ಯಾರ್ದಮ್ಮ? ಬ್ಯಾಟರಿ ಉಬ್ಬಿದೆ, ದಿಂಬಿನ ಪಕ್ಕ ಇಟ್ಕೊಂಡು ಮಲಗ್ಬೇಡ ಅಂತ ನಿನ್ನೆನೇ ಹೇಳಿದ್ದೆ" ಎಂದು ಆಕೆ ಗದರುತ್ತಾರೆ. ಹಸಿರು ಬಟ್ಟೆಯವಳು ಕಂಬಳಿಯೊಳಗೆ ತಲೆ ಎಳೆದುಕೊಳ್ಳುತ್ತಾಳೆ.

ಆಮೇಲೆ ಆಕೆ ಬಕೆಟ್ಟೊಂದನ್ನು ಬೋರಲು ಹಾಕಿ ಕೂತು, ಕನ್ನಡಕ ಏರಿಸಿ, ಸಿಮ್ ಇಲ್ಲದ ಹಳೆಯ ಫೋನೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಹಿಂದಿನ ದಿನ ಟಾರ್ಪಾಲಿನಡಿ ತೆಗೆದ ಫೋಟೊಗಳೆಲ್ಲ ಅದರಲ್ಲಿವೆ. ಬೆರಳ ತುದಿಯಿಂದ ಒಂದೊಂದೇ ಮುಖದ ಮೇಲೆ ಕಪ್ಪು ಬಳಿಯುತ್ತ ಹೋಗುತ್ತಾರೆ. ಇಡೀ ಊರಿನ ಮುಖಕ್ಕೆ ಮಸಿ ಬಳಿದೂ ಊರಿನಿಂದ ಭೇಷ್ ಅನ್ನಿಸಿಕೊಂಡವರು ಇವರೊಬ್ಬರೇ ಇರಬೇಕು. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಇವರು ಮಸಿಯಕ್ಕ.

ಆಸ್ಪತ್ರೆಯ ಹೆರಿಗೆ ಕೋಣೆಗೆ ಬೀಗ ಬಿದ್ದು ಇಂದಿಗೆ ನೂರಾ ನಲವತ್ತಮೂರು ದಿನ. ಇನ್ನು ಮುಂದೆ ಹೆರಿಗೆಯಾಗಬೇಕಾದರೆ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಗೇಟಿಗೆ ಚೀಟಿ ಅಂಟಿಸಿದರು. ನೋವು ಬಸ್ಸಿನ ಟೈಮು ನೋಡಿಕೊಂಡು ಬರುತ್ತದೆಯೇ ಎಂದು ಕೇಳಿ ಹೆಂಗಸರು ಅವತ್ತೇ ಗೇಟಿನ ಮುಂದೆ ಕೂತರು, ಇನ್ನೂ ಎದ್ದಿಲ್ಲ. ಉಳಿದ ವಾರ್ಡುಗಳು ಕುಂಟುತ್ತ ನಡೆಯುತ್ತಿವೆ. ಅಲ್ಲಿನ ಆಯಾಗಳು, ಗುಡಿಸುವವರು, ಬಟ್ಟೆ ಒಗೆಯುವವರು ಪಾಳಿ ಮುಗಿಸಿ ಗೇಟು ದಾಟಿ ಸದ್ದಿಲ್ಲದೆ ಇಲ್ಲಿ ಬಂದು ಕೂರುತ್ತಾರೆ. ಕೂತದ್ದು ಕಚೇರಿಗೆ ಗೊತ್ತಾದರೆ ಕೆಲಸಕ್ಕೆ ಕುತ್ತು.

ಮುಖ ಮುಚ್ಚುವ ಈ ಹೆಂಗಸಿನ ಕಸುಬು ನಿಜಕ್ಕೂ ಮುಖ ತೋರಿಸುವುದು. ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಎದುರಿಗೇ ಗುರುತಿನ ಚೀಟಿಗೆ ಬೇಕಾದ ಫೋಟೊ ತೆಗೆಯುತ್ತಿದ್ದಾರೆ. ಗಂಡ ತೀರಿಕೊಂಡಾಗ ಅಂಗಡಿ ಮುಚ್ಚಿಬಿಡು ಎಂದವರೇ ಹೆಚ್ಚು. ಅವರು ಮುಚ್ಚಲಿಲ್ಲ, ಕ್ಯಾಮೆರಾ ಕಲಿತರು, ಕಂಪ್ಯೂಟರ್ ಕಲಿತರು, ಕೆಟ್ಟ ಪ್ರಿಂಟರನ್ನು ತಾವೇ ಬಿಚ್ಚಿ ಜೋಡಿಸುವುದನ್ನೂ ಕಲಿತರು. ಗಲ್ಲ ಸ್ವಲ್ಪ ಮೇಲೆ, ಕಿವಿ ಕಾಣ್ಲಿ, ನಗಬೇಡಿ. ಈ ಮೂರು ಮಾತು ಕೇಳದೆ ಈ ಬೀದಿಯಲ್ಲಿ ದೊಡ್ಡವರಾದವರು ಕಡಿಮೆ. ಈಗ ಅಂಗಡಿಯನ್ನು ಅರ್ಧ ದಿನ ನಾದಿನಿ ನೋಡಿಕೊಳ್ಳುತ್ತಾರೆ. ನಾದಿನಿ ತೆಗೆದ ಫೋಟೊದಲ್ಲಿ ಯಾರಿಗೂ ತಮ್ಮ ಗುರುತು ತಮಗೇ ಸಿಗುವುದಿಲ್ಲ, ಆದ್ದರಿಂದ ತನಗಿಂತ ಅವಳೇ ಚಳವಳಿಗೆ ಹೆಚ್ಚು ಲಾಯಕ್ಕು ಎಂದು ಮಸಿಯಕ್ಕ ತಮಾಷೆ ಮಾಡುತ್ತಾರೆ.

ಆದರೆ ಈ ಕೆಲಸ ಶುರುವಾದದ್ದು ತಮಾಷೆಯಿಂದಲ್ಲ, ಅವರ ಕೈಯಿಂದಲೇ ಆದ ಒಂದು ತಪ್ಪಿನಿಂದ. ಏಳನೆಯ ದಿನ ಅವರು ಅಂಗಡಿಯ ಒಳ್ಳೆಯ ಕ್ಯಾಮೆರಾ ತಂದು, ಏಣಿ ಹತ್ತಿ, ಕೂತಿದ್ದ ಐವತ್ತೆಂಟು ಜನರದ್ದೂ ಒಂದೇ ಫೋಟೊ ತೆಗೆದರು. ಕಸುಬಿನ ಹೆಮ್ಮೆ ಬಿಡಬೇಕಲ್ಲ, ಕೊನೇ ಸಾಲಿನವರ ಕಿವಿಯೂ ಸ್ಪಷ್ಟವಾಗಿ ಕಾಣುವಂತೆ ಬೆಳಕು ಸರಿಮಾಡಿ ಬೀದಿಯ ಮೊಬೈಲ್ ಗುಂಪುಗಳಿಗೆಲ್ಲ ಕಳಿಸಿದರು. ಎಲ್ಲರೂ ಹಾಡಿ ಹೊಗಳಿದರು. ಮರುದಿನ ಕಚೇರಿಯಲ್ಲಿ ಅದೇ ಫೋಟೊ ಮೇಜಿನ ಮೇಲಿತ್ತು. ಹಾಜರಿ ಪುಸ್ತಕದ ಹಾಗೆ ಬೆರಳಿಟ್ಟು ನೋಡಿ ಮೂವರಿಗೆ ನೋಟಿಸು ಕೊಟ್ಟರು. ಹದಿನೇಳು ವರ್ಷ ದುಡಿದಿದ್ದ ಆಯಾ ಒಬ್ಬರನ್ನು ಅವತ್ತೇ ಮನೆಗೆ ಕಳಿಸಿದರು.

ಆ ಆಯಾ ಮಸಿಯಕ್ಕನ ಮೇಲೆ ರೇಗಲಿಲ್ಲ. ಈಗಲೂ ದಿನಾ ಬಂದು ಅವರ ಪಕ್ಕದಲ್ಲೇ ಕೂರುತ್ತಾರೆ, ಅವರ ಫ್ಲಾಸ್ಕಿನ ಚಹಾವನ್ನೇ ಕುಡಿಯುತ್ತಾರೆ. "ಬೈದಿದ್ರೆ ಒಂದ್ಸಲ ಅತ್ತು ಹಗುರ ಆಗ್ತಿದ್ದೆ. ಅವಳು ಬೈಲೇ ಇಲ್ಲ" ಎನ್ನುತ್ತಾರೆ ಮಸಿಯಕ್ಕ.

ಒಂಬತ್ತನೆಯ ದಿನದಿಂದ ಒಂದು ಕಟ್ಟಳೆ ಬಂತು. ಟಾರ್ಪಾಲಿನಡಿ ಬೇರೆ ಯಾರೂ ಫೋಟೊ ತೆಗೆಯುವಂತಿಲ್ಲ. ತೆಗೆಯುವುದು ಮಸಿಯಕ್ಕನ ಸಿಮ್ ಇಲ್ಲದ ಫೋನು ಮಾತ್ರ. ಹೊರಗೆ ಹೋಗುವುದು ದಿನಕ್ಕೆ ಆರು ಫೋಟೊ. ಒಂದೊಂದರಲ್ಲಿ ಇಪ್ಪತ್ತೈದು ಮುಖವೆಂದರೂ ದಿನಕ್ಕೆ ನೂರೈವತ್ತಕ್ಕೆ ಮೋಸವಿಲ್ಲ. ಇಷ್ಟು ದಿನಕ್ಕೆ ಇಪ್ಪತ್ತು ಸಾವಿರ ಮುಖ. ಬರೀ ಮಸುಕು ಮಾಡಿದರೆ ಗುರುತು ಹಿಡಿಯುವವರಿದ್ದಾರೆ, ಆದ್ದರಿಂದ ಗಟ್ಟಿ ಕಪ್ಪೇ ಆಗಬೇಕು. ಎಲ್ಲಿ ತೆಗೆದದ್ದು, ಎಷ್ಟು ಹೊತ್ತಿಗೆ ತೆಗೆದದ್ದು ಎಂಬ ಪೂರ್ತಿ ಜಾತಕ ಫೋಟೊದ ಹೊಟ್ಟೆಯಲ್ಲೇ ಅಡಗಿರುತ್ತದೆ. ಅದನ್ನು ಬಿಡಿಸಲು, ಕಪ್ಪು ಬಳಿದಾದ ಮೇಲೆ ಪರದೆಯ ಮೇಲಿರುವುದನ್ನೇ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಮಾತ್ರ ಅಂಗಡಿಯ ಕಂಪ್ಯೂಟರಿಗೆ ಹಾಕಿ ಗುಂಪಿಗೆ ಕಳಿಸುತ್ತಾರೆ. ಸಂಜೆ ಕಣ್ಣು ದಣಿದಿರುತ್ತದೆಂದು ಈ ಕೆಲಸಕ್ಕೆ ಬೆಳಗಿನ ಹೊತ್ತೇ ಬೇಕು. ಏಳಕ್ಕೆ ಆಸ್ಪತ್ರೆಯ ಪಾಳಿ ಬದಲಾಗುವ ಮೊದಲು ಮುಖವಿರುವ ಮೂಲ ಫೋಟೊಗಳೆಲ್ಲ ಅಳಿಸಿಹೋಗಿರುತ್ತವೆ. ಒಂದನ್ನೂ ಇಟ್ಟುಕೊಳ್ಳುವುದಿಲ್ಲ, ಯಾರು ಕೇಳಿದರೂ ಕೊಡುವುದಿಲ್ಲ.

ಓದಲು ಬಾರದವರಿಗೆ ದಿನದ ಸುದ್ದಿಯನ್ನು ದನಿಯಲ್ಲಿ ಹೇಳಿ ಕಳಿಸುವುದು, ಮೈಕಿನ ಕೀರಲು ನಿಲ್ಲಿಸುವುದು, ಗುಂಪಿನೊಳಗೆ ಹೊಸದಾಗಿ ನುಸುಳಿದ ನಂಬರು ಯಾರದೆಂದು ಪತ್ತೆ ಹಚ್ಚುವುದು, ಇವೆಲ್ಲ ಇದರ ಮೇಲಿನ ಕೆಲಸ. ವೇದಿಕೆ ಹತ್ತಿ ಮಾತಾಡಲು ಕರೆದರೆ ಮಾತ್ರ ಪ್ಲಗ್ಗು ಸರಿಮಾಡುವ ನೆಪದಲ್ಲಿ ಬೆಂಚಿನಡಿಗೆ ನುಗ್ಗುತ್ತಾರೆ.

ಕಟ್ಟಳೆ ಬಂದ ಮೇಲೆ ಒಬ್ಬರಿಗೂ ಫೋಟೊದಿಂದ ನೋಟಿಸು ಬಂದಿಲ್ಲ. ಆ ಹೆಮ್ಮೆ ಅವರಿಗಿತ್ತು, ನೂರಾ ಇಪ್ಪತ್ತೇಳನೆಯ ದಿನದವರೆಗೆ.

ಅವತ್ತು ಅಂಗಡಿಗೆ ಬಂದವರು ಹಿಂದಿನ ಬೀದಿಯ ದರ್ಜಿ. ವಯಸ್ಸು ಎಪ್ಪತ್ತು ದಾಟಿದೆ, ಎಲ್ಲರಿಗೂ ಅವರು ಮಾಸ್ಟ್ರು. ಅದಕ್ಕೂ ಒಂಬತ್ತು ದಿನ ಮೊದಲು ಅವರ ಹೆಂಡತಿ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಆಕೆಯೆಂದರೆ ಟಾರ್ಪಾಲಿನಡಿಯ ನಗೆಯ ಬುಗ್ಗೆ. ಮೂರು ಮಕ್ಕಳನ್ನು ಈ ಆಸ್ಪತ್ರೆಯಲ್ಲೇ ಹೆತ್ತವರು; ಮೊದಲ ದಿನದಿಂದ ಎರಡನೇ ಸಾಲಿನಲ್ಲಿ ಕೂತು, ಕಚೇರಿಯ ದೊಡ್ಡ ಸಾಹೇಬರು ಕೆಮ್ಮುವುದನ್ನು ಹಾಗೇ ಅನುಕರಿಸಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದರು, ಎಲ್ಲರಿಗಿಂತ ಹೆಚ್ಚು ತಾವೇ ನಗುತ್ತಿದ್ದರು. ಫೋನುಗಳಿಗೆ ಕಟ್ಟುವ ಬಟ್ಟೆಚೂರುಗಳನ್ನು ಗಂಡನ ಮೆಷಿನ್ನಿನ ಕೆಳಗಿಂದ ಗುಡಿಸಿ ತಂದವರೂ ಅವರೇ. ಮಾಸ್ಟ್ರು ಮಾತ್ರ ಒಂದು ದಿನವೂ ಇತ್ತ ತಲೆ ಹಾಕಿದವರಲ್ಲ. ಮನೆಯಲ್ಲಿ ಗುಂಡಿ ಹಾಕುವ ಕೆಲಸ ರಾಶಿ ಬಿದ್ದಿರುವಾಗ ಅಲ್ಲಿ ಕೂತು ಏನು ಕಡಿದು ಗುಡ್ಡೆ ಹಾಕುತ್ತೀಯ ಎಂದು ದಿನಾ ಗೊಣಗುತ್ತಿದ್ದರಂತೆ.

ಮಾಸ್ಟ್ರು ಜೇಬಿನಿಂದ ಪುಟ್ಟ ಫೋಟೊ ಒಂದನ್ನು ತೆಗೆದು ಗಾಜಿನ ಮೇಲಿಟ್ಟರು. ಗುರುತಿನ ಚೀಟಿಗೆಂದು ಹನ್ನೊಂದು ವರ್ಷದ ಹಿಂದೆ ಮಸಿಯಕ್ಕನೇ ತೆಗೆದದ್ದು. ಕಿವಿ ಕಾಣುತ್ತಿದೆ, ಗಲ್ಲ ಮೇಲಿದೆ, ತುಟಿ ಬಿಗಿದಿದೆ.

"ಮನೇಲಿ ಇರೋದು ಇದೊಂದೇ ಅಮ್ಮ. ಇದ್ರಲ್ಲಿ ಅವಳು ನನ್ನ ಮೇಲೆ ಸಿಟ್ಟಾಗಿರೋ ಹಾಗಿದೆ. ಇಲ್ಲಿ ಕೂತಾಗ ಬಹಳ ನಗ್ತಿದ್ಳು ಅಂತ ಎಲ್ರೂ ಹೇಳ್ತಾರೆ. ನಗ್ತಿರೋದು ಒಂದು ಕೊಡಿ."

ಮಸಿಯಕ್ಕ ಆ ಪುಟ್ಟ ಫೋಟೊವನ್ನು ಕೈಗೆತ್ತಿಕೊಂಡರು. ಒಂದು ಫೋಟೊದಲ್ಲಿ ನಗಬೇಡಿ ಎಂದವರು ಅವರು. ಏಳನೆಯ ದಿನ ಏಣಿಯ ಮೇಲಿಂದಲೂ ರೂಢಿಯಂತೆ ಹಾಗೇ ಕೂಗಿದ್ದರು. ಉಳಿದ ಎಲ್ಲ ಫೋಟೊಗಳಲ್ಲಿ ನಗುವನ್ನು ಮುಚ್ಚಿದವರೂ ಅವರೇ. ಒಂದೂ ಉಳಿದಿಲ್ಲ ಎಂದರು. ಹೇಗೆ ಮುಚ್ಚುತ್ತೇವೆ, ಏಕೆ ಅಳಿಸುತ್ತೇವೆ, ಆಯಾಗೆ ಏನಾಯಿತು ಎಂದು ವಿವರಿಸಿದರು. ಮಾಸ್ಟ್ರು ತಲೆಯಾಡಿಸುತ್ತ ಕೇಳಿದರು. ಕೊನೆಗೆ, ಮುಚ್ಚಿದ್ದಾದರೂ ತೋರಿಸಿ ಎಂದರು.

ಮಸಿಯಕ್ಕ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿ ಕೂರಿಸಿದರು. ಗುಂಪಿಗೆ ಹೋಗಿದ್ದ ಸ್ಕ್ರೀನ್‌ಶಾಟ್‌ಗಳು ಏಳುನೂರರ ಹತ್ತಿರ ಇದ್ದವು. ಎರಡನೇ ಸಾಲಿನಲ್ಲಿ ಹುಡುಕಿ ಎಂದು ಹೇಳುವಷ್ಟರಲ್ಲೇ ಮುದುಕರ ಬೆರಳು ಪರದೆಯ ಮೇಲಿತ್ತು. ಬೂದು ಉಣ್ಣೆಯ ಕೋಟು ಅವರೇ ಹೊಲಿದದ್ದು. ಆಕೆಯ ಎಡ ಭುಜ ಅರ್ಧ ಬೆರಳಿನಷ್ಟು ಇಳಿಜಾರು, ಅದು ತಿಳಿಯದಂತೆ ಒಳಗೆ ಮೆತ್ತೆ ಇಟ್ಟಿದ್ದರು. ಒಂದೊಂದು ಫೋಟೊದಲ್ಲೂ ಹೆಂಡತಿಯನ್ನು ಹುಡುಕಿ ತೋರಿಸಿದರು. ಕಪ್ಪು ಬಳಿದ ಮೂವತ್ತು ತಲೆಗಳ ನಡುವೆ ಒಮ್ಮೆಯೂ ತಪ್ಪಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿತು, ನಾದಿನಿ ತಂದಿಟ್ಟ ಚಹಾ ಆರಿತು.

ನಾನೂರು ಚಿಲ್ಲರೆ ಫೋಟೊ ದಾಟಿದ ಮೇಲೆ ಅವರು ಒಂದರಲ್ಲಿ ನಿಂತರು.

"ಇಲ್ಲಿ ನಗ್ತಿದಾಳೆ" ಎಂದರು.

ಮಸಿಯಕ್ಕನಿಗೆ ಕಪ್ಪು ಬಿಟ್ಟರೆ ಏನೂ ಕಾಣಲಿಲ್ಲ. ಮಾಸ್ಟ್ರು ಉಗುರಿನಿಂದ ತೋರಿಸಿದರು: "ಬಲಗಡೆ ಪಕ್ಕದ ಹೊಲಿಗೆ ನೋಡಿ, ಎಳ್ಕೊಂಡಿದೆ. ಜೋರಾಗಿ ನಕ್ರೆ ಅವಳು ಎಡಕ್ಕೆ ವಾಲ್ತಾಳೆ, ಪಕ್ಕದವ್ರ ಮೇಲೆ ಬಿದ್ದುಬಿಡ್ತಾಳೆ. ಎರಡು ಸಲ ಆ ಹೊಲಿಗೆ ಬಿಚ್ಚಿ ಹಾಕಿದೀನಿ. ಯಾಕೆ ಹರೀತದೆ ಅಂತ ಬೈತಿದ್ದೆ." ಮಸಿಯಕ್ಕ ಎದ್ದು ಪ್ರಿಂಟರಿಗೆ ಇದ್ದುದರಲ್ಲೇ ಒಳ್ಳೆಯ ಕಾಗದ ಹಾಕಿದರು. ಅಂಗೈ ಅಗಲದ ಪ್ರಿಂಟು ಬಂತು. ಮಾಸ್ಟ್ರು ಅದನ್ನು ಒಣಗುವ ತನಕ ಎರಡೂ ಕೈಯಲ್ಲಿ ಹಿಡಿದು ಕೂತಿದ್ದು, ಜೇಬಿಗೆ ಹಾಕದೆ ಹಾಗೇ ಹಿಡಿದುಕೊಂಡು ಹೋದರು.

ಅವತ್ತು ಮಧ್ಯಾಹ್ನವೆಲ್ಲ ಮಸಿಯಕ್ಕ ಆ ಸ್ಟೂಲನ್ನು ಅಲ್ಲಿಂದ ಎತ್ತಲಿಲ್ಲ. ಎರಡು ಸಂಕಟ ಒಟ್ಟಿಗೆ ಮನಸ್ಸಿಗೆ ಹತ್ತಿದ್ದವು. ಒಬ್ಬ ಮುದುಕರಿಗೆ ಹೆಂಡತಿಯ ನಗುಮುಖ ಇಲ್ಲದಂತೆ ಮಾಡಿದೆನಲ್ಲ ಎಂಬುದು ಒಂದು. ಗಂಡನಿಗೆ ಕೋಟು ನೋಡಿ ಗುರುತು ಸಿಕ್ಕಿತೆಂದರೆ ಕಚೇರಿಯವರಿಗೆ ಸಿಗದಿರಲು ಏನು ಕಾರಣ ಎಂಬುದು ಇನ್ನೊಂದು. ಇಷ್ಟು ದಿನ ಕಿವಿ, ಕಣ್ಣು, ಗಲ್ಲ ಎಂದು ಮುಖವನ್ನಷ್ಟೇ ನೋಡಿ ರೂಢಿಯಾದ ಕಣ್ಣಿಗೆ ಕೊರಳಿನ ಕೆಳಗಿನದು ಕಾಣಿಸಿರಲೇ ಇಲ್ಲ.

ನಾಲ್ಕು ದಿನ ಬಿಟ್ಟು ಮಸಿಯಕ್ಕನೇ ಹಿಂದಿನ ಬೀದಿಗೆ ಹೋದರು. ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಮಾಸ್ಟ್ರು ಸುಮ್ಮನೆ ಮೆಷಿನ್ನಿನ ಮುಂದೆ ಕೂತಿದ್ದರು. ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ಬಂದು ನನ್ನ ಜೊತೆ ಫೋಟೊ ನೋಡುತ್ತೀರಾ ಎಂದು ಮಸಿಯಕ್ಕ ಕೇಳಿದರು. ತನ್ನಿಂದೇನು ಆಗುತ್ತದೆ ಎಂದರು ಮಾಸ್ಟ್ರು. ನನಗೆ ಕಾಣದ್ದು ನಿಮಗೆ ಕಾಣುತ್ತದೆ ಎಂದರು ಇವರು.

ಈಗ ಬೆಳಗಿನ ಆರಕ್ಕೆ ಬೋರಲು ಹಾಕಿದ ಬಕೆಟ್ಟುಗಳು ಎರಡು. ಮಸಿಯಕ್ಕ ಮುಖ ಮುಚ್ಚಿ ಫೋನನ್ನು ಮಾಸ್ಟ್ರ ಕೈಗೆ ಕೊಡುತ್ತಾರೆ. ಅವರು ಮೂಗಿನ ಹತ್ತಿರ ಹಿಡಿದು ನೋಡಿ ತೀರ್ಪು ಕೊಡುತ್ತಾರೆ. ಈ ಸ್ವೆಟರಿನ ಹೆಣಿಗೆ ಊರಲ್ಲೇ ಒಂದು, ಮುಚ್ಚಿ. ಈ ಕಾಲರ್ ತಿರುಗಿಸಿ ಹೊಲಿದದ್ದು ನಾನು, ಕಚೇರಿಯ ಗುಮಾಸ್ತನ ಹೆಂಡತಿಯೂ ನನ್ನ ಹತ್ತಿರವೇ ಬರುತ್ತಾಳೆ, ಮುಚ್ಚಿ. ಮೊದಮೊದಲು ಅವರ ಮಾತು ಕೇಳಿ ಇಡೀ ಫೋಟೊ ಕಪ್ಪಾಗಿ, ಟಾರ್ಪಾಲೊಂದೇ ಚಳವಳಿ ಮಾಡುತ್ತಿರುವಂತೆ ಕಾಣುತ್ತಿತ್ತು ಎಂದು ಆಯಾ ನಗುತ್ತಾರೆ. ಈಗ ಹದಕ್ಕೆ ಬಂದಿದ್ದಾರೆ.

ಕೆಲಸ ಮುಗಿದ ಮೇಲೆ ಮಾಸ್ಟ್ರು ಮನೆಗೆ ಹೋಗುವುದಿಲ್ಲ, ಎರಡನೇ ಸಾಲಿಗೆ ಹೋಗಿ ಕೂರುತ್ತಾರೆ. ನಿಮಗೆ ಕಚೇರಿಯ ಹಂಗಿಲ್ಲ, ನಿಮ್ಮ ಮುಖ ತೆರೆದೇ ಬಿಡಲೇ ಎಂದು ಮೊದಲ ದಿನ ಮಸಿಯಕ್ಕ ಕೇಳಿದ್ದರು. "ಬೇಡಮ್ಮ, ನಂದೂ ಮುಚ್ಚಿಬಿಡಿ" ಎಂದಿದ್ದರು ಮಾಸ್ಟ್ರು. "ಅವಳು ಮುಖ ಮುಚ್ಕೊಂಡು ಕೂತ ಜಾಗದಲ್ಲಿ ನಾನೊಬ್ಬ ಮುಖ ಹೊತ್ಕೊಂಡು ಕೂತ್ರೆ ಚೆನ್ನಾಗಿರಲ್ಲ."

ಹೆರಿಗೆ ಕೋಣೆಯ ಬೀಗ ಇನ್ನೂ ತೆರೆದಿಲ್ಲ. ಮುಂದಿನ ವಾರ ಮಾತುಕತೆಗೆ ಕರೆದಿದ್ದಾರೆಂಬ ಸುದ್ದಿಯಿದೆ. ಆರೂ ಮುಕ್ಕಾಲು. ಮಸಿಯಕ್ಕನ ಹೆಬ್ಬೆರಳು ನಿನ್ನೆಯ ಮೂಲ ಫೋಟೊಗಳ ಮೇಲೆ ಬಂದು ನಿಂತಿದೆ. ಅದರಲ್ಲೊಂದರಲ್ಲಿ ಆಯಾ ಬಾಯಿ ತುಂಬ ನಗುತ್ತಿದ್ದಾರೆ, ಬೆಳಕು ಕೂಡ ಚೆನ್ನಾಗಿ ಬಿದ್ದಿದೆ. ಮಾಸ್ಟ್ರ ಹೆಂಡತಿಯ ನಗು ಅಳಿಸಿದ್ದಕ್ಕೆ ಪಶ್ಚಾತ್ತಾಪ ಇಲ್ಲವೇ ಎಂದು ಕೇಳಿದರೆ ಅವರು ಆ ಫೋಟೊವನ್ನು ಇನ್ನಷ್ಟು ಹೊತ್ತು ನೋಡುತ್ತಾರೆ.

"ಇದೆ. ಅದು ಹೋಗಲ್ಲ" ಎನ್ನುತ್ತಾರೆ. "ನಾಳೆ ಬೆಳಿಗ್ಗೆನೂ ಅಳಿಸ್ತೀನಿ."