ಆಸ್ಪತ್ರೆಯಲ್ಲಿ ಮಂಡಿಯೂರಿದವಳು

ಮೊಕ್ಪೊ ಬಂದರಿನ ಹಿಂದಿನ ಬೀದಿಯ ಸಾರ್ವಜನಿಕ ಸ್ನಾನಗೃಹದಲ್ಲಿ ಮಲ್ಜಾ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಬೆನ್ನು ಉಜ್ಜುವ ಕೆಲಸ ಮಾಡುತ್ತಿದ್ದಳು. ಕವುಚಿ ಮಲಗಿದವರು ಗಂಡಂದಿರ ಮೇಲಿನ ಸಿಟ್ಟನ್ನೆಲ್ಲ ಅವಳ ಮುಂದೆ ಕಾರಿಕೊಳ್ಳುತ್ತಿದ್ದರು. ಅವಳಿಗೆ ಮಾತ್ರ ಹೇಳಿಕೊಳ್ಳುವಂಥ ದೂರು ಇರಲಿಲ್ಲ. ಗಂಡ ದೊಕ್ಸು ಸಿಟಿ ಬಸ್ಸಿನ ಡ್ರೈವರ್. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಆದರೆ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಕುಡಿದಿದ್ದ ಮುದುಕನೊಬ್ಬ ಕೊನೆಯ ನಿಲ್ದಾಣದಲ್ಲಿ ಬಸ್ಸಿಳಿಯಲು ಒಪ್ಪದೆ ಹಟ ಹಿಡಿದ. ಜಗಳವಾಯಿತು. ಇಳಿದ ಮೇಲೆ ಬಸ್ಸಿನ ಹಿಂದೆ, ಕ್ಯಾಮೆರಾಗೆ ಕಾಣದ ಕಡೆ, ಮುದುಕ ಬಿದ್ದು ತಲೆಗೆ ಪೆಟ್ಟಾಯಿತು. ಡ್ರೈವರೇ ತಳ್ಳಿದ ಎಂದು ಮುದುಕನ ಮನೆಯವರು ದೂರು ಕೊಟ್ಟರು. ಪೊಲೀಸರು ದೊಕ್ಸುವನ್ನು ಕರೆದೊಯ್ದರು.

"ಅಕ್ಕಾ, ಮೊದಲು ಒಬ್ಬ ಲಾಯರ್ ಹುಡುಕು," ಎಂದಳು ಸ್ನಾನಗೃಹದಲ್ಲಿ ಟಿಕೆಟ್ ಕೊಡುವ ಯಾಂಗ್‌ನಿಮ್.

"ಸುಮ್ನಿರೇ! ಈಗ್ಲೇ ಲಾಯರ್ ಇಟ್ರೆ ಏನೋ ಮಾಡಿದ್ದಾನೆ ಅಂತ ಪೊಲೀಸರಿಗೇ ಅನುಮಾನ ಬರುತ್ತೆ."

ಲಾಯರ್ ಬದಲು ಅವಳು ಪೇರುಹಣ್ಣಿನ ಪೆಟ್ಟಿಗೆ ಕೊಂಡಳು. ಅಲ್ಲಿನವರ ರೀತಿಯೇ ಅದು: ಯಾರಿಗಾದರೂ ಪೆಟ್ಟಾದರೆ ಮೊದಲು ಹಣೆ ನೆಲಕ್ಕೆ, ತಪ್ಪು ಯಾರದೆಂಬ ವಿಚಾರ ಆಮೇಲೆ. ಹಣ್ಣು ಹಿಡಿದು ಹೋಗದಿದ್ದರೆ ಊರು ಕಲ್ಲು ಮನಸ್ಸಿನವಳು ಎನ್ನುತ್ತದೆ. ಹೋದದ್ದಕ್ಕೆ ಏನಾಯಿತೆಂದು ಕೇಳಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಮುದುಕನ ಮಗಳ ಮುಂದೆ ಮಂಡಿಯೂರಿ, "ನಮ್ಮನೆಯವರಿಂದ ತಪ್ಪಾಯ್ತು ತಾಯಿ, ಕ್ಷಮಿಸಿಬಿಡಿ," ಎಂದು ಅತ್ತಳು. ಮಗಳ ಕೈಯಲ್ಲಿ ಫೋನಿತ್ತು. ಮಲ್ಜಾ ಅದನ್ನು ನೋಡಿಯೂ ಏನೂ ಅಂದುಕೊಳ್ಳಲಿಲ್ಲ.

ನಾಲ್ಕನೆಯ ದಿನ ಮುದುಕ ತೀರಿಕೊಂಡ. ಆಗ ಮಲ್ಜಾ ಕಂಡ ಕಂಡ ವಕೀಲರ ಬೋರ್ಡು ನೋಡುತ್ತ ಅಲೆದು, ಕಡೆಗೆ ವಾರ್ಡ್ ಕಚೇರಿಯಲ್ಲಿ ಪುಕ್ಕಟೆ ಸಲಹೆ ಕೊಡುತ್ತಿದ್ದ ಪ್ಯೊ ಎಂಬ ವಕೀಲೆಯ ಎದುರು ಕುಳಿತಳು.

"ಮೇಡಂ, ತಪ್ಪು ಮಾಡದವರಿಗೂ ವಕೀಲರು ಬೇಕಾ?"

"ಅವರಿಗೇ ಹೆಚ್ಚು ಬೇಕಮ್ಮಾ."

"ನಮ್ಮ ಕೈಲಿ ದುಡ್ಡು ಕೊಡೋಕೆ ಆಗದೇ ಇದ್ರೆ?"

"ಒಳಗಿಟ್ಟಿದ್ದಾರಲ್ಲ, ಕೋರ್ಟೇ ಒಬ್ಬರನ್ನ ಕೊಡುತ್ತೆ. ಅಲ್ಲೀತನಕ ಬಾಯಿ ಬಿಡಬೇಡಿ ಅಂತ ಹೇಳಿ ಅವರಿಗೆ. ನೀವೂ ಅಷ್ಟೆ, ಆ ಮನೆಯವರ ಹತ್ತಿರ ಸುಳಿಯಬೇಡಿ."

ಮಲ್ಜಾ ತಲೆ ತಗ್ಗಿಸಿ ಆಸ್ಪತ್ರೆಯ ಕತೆ ಹೇಳಿದಳು. ವಕೀಲೆ ಬರೆಯುವುದನ್ನು ನಿಲ್ಲಿಸಿದಳು.

"ತಳ್ಳಿದೆ ಅಂತ ಯಜಮಾನರು ನಿಮ್ಮ ಹತ್ತಿರ ಹೇಳಿದ್ರಾ?"

"ಇಲ್ಲ."

"ತಳ್ಳಿಲ್ಲ ಅಂದ್ರಾ?"

"ನಾನು ಕೇಳಲೇ ಇಲ್ಲ ಮೇಡಂ."

ನಿಜವಾಗಿಯೂ ಕೇಳಿರಲಿಲ್ಲ. ಪೊಲೀಸರು ಬಂದಾಗ ದೊಕ್ಸು ಚಪ್ಪಲಿ ಹುಡುಕುತ್ತ ಅವಳ ಮುಖವನ್ನೇ ನೋಡಿದ್ದ. ಅವಳು ಕೋಟು ತಂದುಕೊಟ್ಟಿದ್ದಳು, ಅಷ್ಟೆ. ಅವನ ಕೋಪ ಅವಳಿಗೆ ಗೊತ್ತಿತ್ತಲ್ಲ. ತಳ್ಳಿಯೇ ಇರುತ್ತಾನೆ ಎಂದುಕೊಂಡಿದ್ದಳು.

ಕೋರ್ಟು ಪ್ಯೊಳನ್ನೇ ನೇಮಿಸಿತು. ಅವಳು ಪ್ರಾಮಾಣಿಕವಾಗಿ ಹೋರಾಡಿದಳು. ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಲ್ಲ, ಅದು ಜನರ ಸಂಪ್ರದಾಯ ಎಂದು ವಾದಿಸಿದಳು. ಆದರೆ ತುಂಬಿದ ಕೋರ್ಟಿನಲ್ಲಿ ಮುದುಕನ ಮಗಳು ಹಿಡಿದಿಟ್ಟಿದ್ದ ಮಲ್ಜಾಳ ಅಳು, ಕ್ಷಮೆಯ ಮಾತು ಫೋನಿನಿಂದ ಕೇಳಿಸಿದಾಗ, ತಾನು ಮುಟ್ಟಲೇ ಇಲ್ಲವೆಂದು ಮೊದಲಿನಿಂದಲೂ ಹೇಳುತ್ತಿದ್ದ ದೊಕ್ಸು ಸುಮ್ಮನಾಗಿಬಿಟ್ಟ. ಎರಡು ವರ್ಷ ಶಿಕ್ಷೆಯಾಯಿತು.

ಮೇಲ್ಮನವಿಯ ಕಾಗದಕ್ಕೆ ಅವನು ಸಹಿ ಹಾಕುತ್ತಿಲ್ಲ, ನೀವೇ ಹೇಳಿ ನೋಡಿ ಎಂದು ಪ್ಯೊ ಅವಳನ್ನು ಜೈಲಿಗೆ ಕಳಿಸಿದಳು. ಅದರ ಗಡುವಿಗೆ ಇನ್ನು ಎರಡೇ ದಿನ ಉಳಿದಿತ್ತು. ಗಾಜಿನ ಆಚೆ ದೊಕ್ಸು ಬಡವಾಗಿದ್ದ.

"ಸಹಿ ಹಾಕ್ರೀ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದು ಮಾತು ಹೇಳು. ಆವತ್ತು ನಾನು ತಳ್ಳಿದ್ದೀನಿ ಅಂತ್ಲೇ ಅಂದ್ಕೊಂಡಿದ್ದೆಯಾ?"

ಇಲ್ಲ ಎಂದುಬಿಡಬಹುದಿತ್ತು. ಮೂವತ್ತೊಂದು ವರ್ಷ ಜೊತೆಗಿದ್ದವನ ಮುಖ ನೋಡಿ ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಹೂಂ," ಎಂದಳು. "ಈಗ ಹಾಗನ್ನಿಸ್ತಿಲ್ಲ ರೀ."

ದೊಕ್ಸು ತಲೆಯಾಡಿಸಿದ. ಅವನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಅವಳ ಜೀವಕ್ಕೆ ಎಷ್ಟೋ ಹಗುರವಾಗುತ್ತಿತ್ತು.

"ಮನೇಲೇ ನಂಬಲಿಲ್ಲ," ಎಂದ ಮೆಲ್ಲಗೆ. "ಇನ್ನು ಆ ಜಡ್ಜ್ ಹತ್ತಿರ ಹೋಗಿ ಏನಂತ ಕೇಳ್ಲಿ?"

ಅವನು ಎದ್ದು, ಭೇಟಿಯ ಸಮಯ ಮುಗಿಯುವ ಮೊದಲೇ, ಒಳಗೆ ಹೋದ.