ಚಕ್ರಕ್ಕೆ ಮೂರು ಪೆಟ್ಟು

ಅವರನ್ನು ಎಲ್ಲರೂ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಹಾಗಂತ ಅವರು ನಿಲ್ದಾಣದಲ್ಲಿ ಗಂಟೆ ಬಾರಿಸುವವರಲ್ಲ. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ತೆಗೆದುಕೊಂಡು ಹಳಿಗೆ ಇಳಿದು, ಒಂದೊಂದು ಚಕ್ರಕ್ಕೂ ಒಂದು ಪೆಟ್ಟು ಕೊಟ್ಟು ಕಿವಿಗೊಡುವುದು ಅವರ ಕೆಲಸ. ಒಳ್ಳೆಯ ಚಕ್ರ ಠಣ್ ಎಂದು ಎರಡು ಸೆಕೆಂಡಾದರೂ ಮೊಳಗುತ್ತದೆ. ಬಿರುಕು ಬಿಟ್ಟದ್ದರ ಸದ್ದು ಠಪ್ ಎಂದು ಅಲ್ಲೇ ಸತ್ತುಹೋಗುತ್ತದೆ. ಬೋಗಿಗೆ ಎಂಟು ಚಕ್ರ, ಗಾಡಿಗೆ ಹದಿನೇಳು ಬೋಗಿ, ದಿನಕ್ಕೆ ಆರು ಗಾಡಿ. ಇಪ್ಪತ್ತಾರು ವರ್ಷಗಳಲ್ಲಿ ಅವರು ಹಿಡಿದುಕೊಟ್ಟ ಬಿರುಕಿನ ಚಕ್ರಗಳು ಮೂವತ್ತೊಂದು. ಯಾವ ಗಾಡಿಯದು, ಎಷ್ಟನೇ ಬೋಗಿಯದು ಎಂಬುದೆಲ್ಲ ಬಾಯಿಪಾಠ.

ದೊಡ್ಡ ಊರಿನ ಹೊರವಲಯದಲ್ಲಿ ಒಂದು ಕೆರೆಯಿದೆ, ಅದರಲ್ಲಿ ತುಳಿಯುವ ದೋಣಿಗಳಿವೆ, ದಡದ ಸುತ್ತ ಪುಟ್ಟ ರೈಲು ಓಡುತ್ತದೆ ಎಂದು ಅವರ ಹೆಂಡತಿ ಯಾರಿಂದಲೋ ಕೇಳಿದ್ದಳು. ಮನೆಯಲ್ಲೇ ಹೊಲಿಗೆಯ ಕೆಲಸ ಮಾಡುವ ಆಕೆ ಒಂಬತ್ತು ವರ್ಷಗಳಿಂದ ಅಲ್ಲಿಗೆ ಕರೆದುಕೊಂಡು ಹೋಗಿ ಎನ್ನುತ್ತಲೇ ಇದ್ದಳು. ರೈಲಿನವರಿಗೆ ಸಿಗುವ ಪಾಸು ಪ್ರತಿ ವರ್ಷವೂ ಬೀರುವಿನಲ್ಲೇ ಹಳದಿಯಾಗುತ್ತಿತ್ತು. ಈ ಸಲ ಗಂಟೆಯಣ್ಣ ತಾವಾಗಿಯೇ ಅದನ್ನು ಹೊರಗೆ ತೆಗೆದು, "ಭಾನುವಾರ ಹೋಗೋಣ" ಎಂದರು.

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?" ಎಂದಳು ಹೆಂಡತಿ.

ಸೋಮವಾರದ ಸಂಗತಿ ಆಕೆಗೆ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಅರ್ಜಿಯಲ್ಲಿ 'ನನ್ನ ಕಿವಿ ಸರಿಯಾಗಿದೆ' ಎಂಬ ಸಾಲಿನ ಕೆಳಗೆ ಅವರು ಆ ಭಾನುವಾರದ ಮರುದಿನವೇ ಸಹಿ ಹಾಕಬೇಕಿತ್ತು. ಹಾಕಿದರೆ ಸುತ್ತಿಗೆ ಕೈಯಲ್ಲಿ ಉಳಿಯುತ್ತದೆ. ಹಾಕದಿದ್ದರೆ ಉಗ್ರಾಣದಲ್ಲಿ ಮೊಳೆ, ಬೋಲ್ಟು ಎಣಿಸುವ ಕುರ್ಚಿ. ಮನೆಯಲ್ಲಿ ಬಾಯಿ ಬಿಡಲು ಆಗಿರಲಿಲ್ಲ. ಕೆರೆಯ ಹತ್ತಿರವಾದರೂ ಹೇಳಿಬಿಡೋಣ ಎಂದುಕೊಂಡಿದ್ದರು.

ಕಿವಿ ಒಮ್ಮೆಲೇ ಹೋಗಿರಲಿಲ್ಲ. ಮೊದಲು ಹೋದದ್ದು ಕೀರಲು ದನಿಯ ಸಣ್ಣ ಸದ್ದುಗಳು. ಮನುಷ್ಯರ ಮಾತು ಹೆಚ್ಚುಕಡಿಮೆ ಕೇಳುತ್ತಿತ್ತು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಒಳ್ಳೆಯ ಚಕ್ರದ ಮೊಳಗು ಇರುವುದೇ ಆ ಸಣ್ಣ ಸದ್ದಿನಲ್ಲಿ. ಅದು ಕೇಳಿಸದೆ, ಗಟ್ಟಿಮುಟ್ಟಾದ ಚಕ್ರಗಳೂ ಅವರಿಗೆ ಠಪ್ ಎನ್ನತೊಡಗಿದವು. ಎರಡು ತಿಂಗಳಲ್ಲಿ ನಾಲ್ಕು ಗಾಡಿ ನಿಲ್ಲಿಸಿದರು. ಬಿಚ್ಚಿ ನೋಡಿದರೆ ನಾಲ್ಕೂ ಚಕ್ರಗಳಿಗೆ ಏನೂ ಆಗಿರಲಿಲ್ಲ. "ಬೇಕೆಂದಾಗ ನಿಲ್ಲಿಸೋಕೆ ಇದೇನು ನಿಮ್ಮ ಮಾವನ ಮನೆ ಗಾಡೀನಾ?" ಎಂದು ಮೇಲಧಿಕಾರಿ ಎಲ್ಲರೆದುರು ಕೇಳಿದರು. ಆಮೇಲೆ ಗಂಟೆಯಣ್ಣ ಪೆಟ್ಟು ಕೊಟ್ಟು, ಅಂಗೈಯನ್ನು ಚಕ್ರಕ್ಕೆ ಒತ್ತಿ, ನಡುಕ ಎಷ್ಟು ಹೊತ್ತು ಉಳಿಯುತ್ತದೆಂದು ನೋಡುವುದನ್ನು ಅಭ್ಯಾಸ ಮಾಡಿಕೊಂಡರು. ಬಹುತೇಕ ನಡೆಯಿತು.

ನಾಲ್ಕು ತಿಂಗಳ ಹಿಂದೆ ಒಂದು ಸಲ ನಡೆಯಲಿಲ್ಲ. ಅವರು ಬಿಟ್ಟ ಚಕ್ರವನ್ನು ಎರಡು ಗಂಟೆಯ ನಂತರ ಮುಂದಿನ ಜಂಕ್ಷನ್‌ನಲ್ಲಿ ಇದೇ ಕೆಲಸದ, ಎಲ್ಲರೂ ಕೊಕ್ಕರೆ ಎಂದು ಕರೆಯುವವನು ಹಿಡಿದ. ಉದ್ದ ಕಾಲು, ಬಗ್ಗಿದ ಬೆನ್ನಿನ ಆ ಮನುಷ್ಯನಿಗೆ ಈ ಕೆಲಸ ಕಲಿಸಿದ್ದು ಗಂಟೆಯಣ್ಣನೇ. ಅವನು ಪುಸ್ತಕದಲ್ಲಿ 'ಬಿರುಕು ಹೊಸದು, ದಾರಿಯಲ್ಲಿ ಆದದ್ದು' ಎಂದು ಬರೆದ. ಯಾರೂ ಗಂಟೆಯಣ್ಣನ ಕಡೆ ಬೆರಳು ತೋರಿಸಲಿಲ್ಲ. ಆದರೆ ಆ ಚಕ್ರ ಕಳಿಸಿದ್ದ ಕಾರ್ಖಾನೆಗೆ ಅವರೇ ಹೋಗಿ ನೋಡಿದರು. ಬಿರುಕಿನ ಒಳಗೆ ತುಕ್ಕಿತ್ತು. ಎರಡು ಗಂಟೆಯಲ್ಲಿ ಅಷ್ಟು ತುಕ್ಕು ಹಿಡಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಗಾಡಿ ಆ ಜಂಕ್ಷನ್‌ಗೆ ಬಂತು. ಹನ್ನೆರಡು ನಿಮಿಷದ ನಿಲುಗಡೆ.

ಈ ಕೆಲಸದವರಲ್ಲಿ, ಅವರ ಮನೆಯವರಿಗೂ ಗೊತ್ತಿರುವ ಒಂದು ಪದ್ಧತಿಯಿದೆ. ತಮ್ಮವನೊಬ್ಬ ಪ್ರಯಾಣಿಕನಾಗಿ ಕೂತಿದ್ದರೆ ಅವನ ಸೀಟಿನ ಕೆಳಗಿನ ಚಕ್ರಕ್ಕೆ ಒಂದರ ಬದಲು ಮೂರು ಪೆಟ್ಟು. ಒಳಗಿದ್ದವನು ಕಿಟಕಿಯ ಸರಳಿಗೆ ಮೂರು ಸಲ ಕುಟ್ಟಿ ಉತ್ತರ ಕೊಡಬೇಕು. ಕೊಡದಿದ್ದರೆ ಮುನಿಸೆಂದೇ ಅರ್ಥ. ತಾವು ಬರುವ ಸುದ್ದಿಯನ್ನು ಗಂಟೆಯಣ್ಣ ಹಿಂದಿನ ದಿನವೇ ಕೊಕ್ಕರೆಗೆ ಫೋನಿನಲ್ಲಿ ತಿಳಿಸಿದ್ದರು.

ಕಿಟಕಿಯಿಂದ ನೋಡಿದರೆ ಬಗ್ಗಿದ ಬೆನ್ನು ಬೋಗಿಯಿಂದ ಬೋಗಿಗೆ ಹತ್ತಿರವಾಗುತ್ತಿತ್ತು. ತಮ್ಮ ಕಿಟಕಿಯ ಕೆಳಗೆ ಬಂದು ಮರೆಯಾಯಿತು. ಗಂಟೆಯಣ್ಣ ಬೆರಳು ಮಡಿಸಿ ಸರಳಿನ ಹತ್ತಿರ ಹಿಡಿದು ಕಾದರು. ಟೀ ಮಾರುವವನ ಕೂಗು ಕೇಳಿಸಿತು, ಎದುರು ಸೀಟಿನವರ ಕೆಮ್ಮು ಕೇಳಿಸಿತು. ಕೆಳಗಿನಿಂದ ಮಾತ್ರ ಏನೂ ಬರಲಿಲ್ಲ.

ಹೆಂಡತಿ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ಸರಳಿಗೆ ಮೂರು ಸಲ ಕುಟ್ಟಿದಳು.

"ಏನೇ ಅದು?"

"ಉತ್ತರ ಕೊಟ್ಟೆ. ಪಾಪ, ಮೂರು ಮೂರು ಪೆಟ್ಟು ಎರಡು ಸರ್ತಿ ಕೊಟ್ಟ ಅವನು."

ಅವರು ಮಡಿಸಿದ ಬೆರಳನ್ನು ಮಡಿಲಿಗೆ ಇಳಿಸಿಕೊಂಡರು. ಆಕೆ ಮುಚ್ಚಳವನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕಿದಳು. ಗಾಡಿ ಹೊರಟಿತು.

ಕೆರೆ ಕೇಳಿದ್ದಕ್ಕಿಂತ ದೊಡ್ಡದಾಗಿಯೇ ಇತ್ತು. ಪುಟ್ಟ ರೈಲು ಹತ್ತುವ ಮುಂಚೆ ಗಂಟೆಯಣ್ಣ ಅಭ್ಯಾಸಬಲದಿಂದ ಬಗ್ಗಿ ಅದರ ಚಕ್ರ ನೋಡಿದರು.

"ಏನಜ್ಜ, ಆಟದ ರೈಲಿಗೂ ಪರೀಕ್ಷೆನಾ?" ಎಂದ ಅದರ ಚಾಲಕ.

"ಅಜ್ಜ ಅಂತೆ! ಐವತ್ನಾಲ್ಕಷ್ಟೇ ಕಣಯ್ಯ ಅವರಿಗೆ," ಎಂದಳು ಹೆಂಡತಿ. "ನಾನು ಜೊತೇಲಿದ್ದಾಗಲಾದ್ರೂ ಮಾವ ಅನ್ನು."

ಸುತ್ತಲಿದ್ದವರು ನಕ್ಕರು. ಆಕೆ ಎಲ್ಲರಿಗಿಂತ ಹೆಚ್ಚು ನಕ್ಕಳು. ಎರಡು ಸುತ್ತು ಹೋದರು. ಆಮೇಲೆ ದೋಣಿ. ಇಬ್ಬರೂ ಪಕ್ಕಪಕ್ಕ ಕೂತು ಸೈಕಲ್ಲಿನಂತೆ ತುಳಿಯಬೇಕು. ಆಕೆಯ ಕಾಲು ಹೊಲಿಗೆ ಯಂತ್ರ ತುಳಿದು ಪಳಗಿದ್ದು, ಅವರದು ಬೇಗ ಸೋತಿತು. ದೋಣಿ ಒಂದೇ ಕಡೆಗೆ ತಿರುಗುತ್ತ ಕೆರೆಯ ನಡುವೆ ನಿಂತಾಗ ಅವರು ಬಾಯಿ ಬಿಟ್ಟರು.

"ನನಗೆ ಚಕ್ರ ಕೇಳಿಸ್ತಿಲ್ಲ."

"ಗೊತ್ತು."

"ಯಾವಾಗಿಂದ ಗೊತ್ತು?"

"ಮೆಷಿನ್ನು ಸ್ವಲ್ಪ ಕಿರುಗುಟ್ಟಿದ್ರೆ ಸಾಕು, ಎಣ್ಣೆ ಹಾಕೇ ಅಂತ ಪ್ರಾಣ ತಿಂತಿದ್ರಿ. ಹೋದ ವರ್ಷ ನೀವು ಸುಮ್ನಾಗ್ಬಿಟ್ರಿ. ನೋಡೋಣ ಅಂತ ನಲವತ್ತು ದಿನ ಎಣ್ಣೆ ಮುಟ್ಟಿಸ್ಲಿಲ್ಲ. ಪಕ್ಕದ ಮನೆಯವಳು ಬಂದು ಜಗಳ ಆಡಿದ್ಲು. ನೀವು ಅದರ ಪಕ್ಕದಲ್ಲೇ ಗೊರಕೆ ಹೊಡೀತಿದ್ರಿ."

"ಮತ್ತೆ ಹೇಳ್ಲೇ ಇಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಅವರು ತುಕ್ಕಿನ ಸಂಗತಿಯನ್ನೂ ಹೇಳಿದರು. ಸೋಮವಾರದ ಸಹಿಯನ್ನೂ.

"ಆ ಗಾಡಿ ತುಂಬ ಜನ ಇದ್ರಾ?" ಎಂದಳು ಆಕೆ.

"ಇದ್ರು."

ಆಕೆ ತುಳಿಯತೊಡಗಿದಳು. ದಡದವರೆಗೂ ಒಬ್ಬಳೇ ತುಳಿದಳು.

ಸಂಜೆ ವಾಪಸು ಬರುವಾಗ ಜಂಕ್ಷನ್‌ನಲ್ಲಿ ಗಂಟೆಯಣ್ಣ ಕೆಳಗಿಳಿದರು. ಕೊಕ್ಕರೆ ಸುತ್ತಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಬಂದ.

"ಬೆಳಿಗ್ಗೆ ತಡವಾಗಿ ಉತ್ತರ ಬಂತಲ್ಲ ಗಂಟೆಯಣ್ಣ! ಮುನಿಸ್ಕೊಂಡ್ರೇನೋ ಅಂದ್ಕೊಂಡೆ."

"ಕುಟ್ಟಿದ್ದು ನಾನಲ್ಲ, ಅವಳು. ನನಗೆ ಕೇಳಿಸ್ಲಿಲ್ಲ. ಆವತ್ತಿನ ಚಕ್ರ ನಾನೇ ಬಿಟ್ಟಿದ್ದು."

ಕೊಕ್ಕರೆ ಸುತ್ತಿಗೆಯ ತುದಿಯಿಂದ ಜಲ್ಲಿಕಲ್ಲು ಕೆದಕಿದ. "ತುಕ್ಕು ನನಗೂ ಕಂಡಿತ್ತಣ್ಣ."

"ಮತ್ತೆ ಹೊಸದು ಅಂತ ಯಾಕೆ ಬರೆದೆ?"

"ನಿಮ್ಮ ಹೆಸರು ಬರೆಯೋಕೆ ಕೈ ಬರಲಿಲ್ಲ." ಅವನು ತಲೆಯೆತ್ತಲಿಲ್ಲ. "ಆದ್ರೆ ಇನ್ನೊಂದ್ಸಲ ಹಾಗೆ ಬರೆಯೋಕಾಗಲ್ಲ. ಆ ರಾತ್ರಿಯಿಂದ ನನಗೂ ಸರಿ ನಿದ್ದೆಯಿಲ್ಲ."

"ಬರೆಯೋ ಪ್ರಮೇಯ ಬರಲ್ಲ ಬಿಡು," ಎಂದರು ಗಂಟೆಯಣ್ಣ.

ಅವರು ತಮ್ಮ ಸೀಟಿನ ಕೆಳಗಿನ ಚಕ್ರದ ಹತ್ತಿರ ಕೂತು ಅಂಗೈ ಒತ್ತಿದರು. ಕೊಕ್ಕರೆ ಮೂರು ಪೆಟ್ಟು ಕೊಟ್ಟ. ಮೂರೂ ಅಂಗೈಗೆ ಸಿಕ್ಕವು. ಆದರೆ ಆ ಚಕ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಅವರಿಗೆ ತಿಳಿಯಲಿಲ್ಲ. ಮೇಲೆ ಕಿಟಕಿಯಲ್ಲಿ ಹೆಂಡತಿ ಮುಚ್ಚಳದಿಂದ ಮೂರು ಸಲ ಕುಟ್ಟುವುದು ಕಾಣಿಸಿತು.

ಸೋಮವಾರ ಅವರು ಅರ್ಜಿಯನ್ನು ಸಹಿಯಿಲ್ಲದೆ ವಾಪಸು ಕೊಟ್ಟರು. ತುಕ್ಕಿನ ವಿಷಯವನ್ನು ಬೇರೆ ಹಾಳೆಯಲ್ಲಿ ತಮ್ಮದೇ ತಪ್ಪೆಂದು ಬರೆದು ಜೊತೆಗಿಟ್ಟರು. ಸುತ್ತಿಗೆಯ ಹಿಡಿಯಲ್ಲಿ ಇಪ್ಪತ್ತಾರು ವರ್ಷ ಹೆಬ್ಬೆರಳು ಕೂತ ಜಾಗ ಗುಳಿಬಿದ್ದಿತ್ತು. ಉಗ್ರಾಣದವನು ಅದಕ್ಕೆ ಒಂದು ಚೀಟಿ ಕಟ್ಟಿ ಗೋಡೆಗೆ ಒರಗಿಸಿದ.

ಮನೆಗೆ ಬಂದಾಗ ಹೆಂಡತಿ ಹೊಲಿಯುತ್ತಿದ್ದಳು. ಗಂಟೆಯಣ್ಣ ಕಪಾಟಿನಿಂದ ಎಣ್ಣೆಯ ಡಬ್ಬಿ ತಂದು ಪಕ್ಕದಲ್ಲಿ ನಿಂತರು.

"ಇನ್ಮೇಲೆ ಬೇಕಾದಾಗ ನೀನೇ ಹೇಳ್ಬೇಕು. ನನಗೆ ಗೊತ್ತಾಗಲ್ಲ."

ಆಕೆ ಶನಿವಾರವಷ್ಟೇ ಎಣ್ಣೆ ಹಾಕಿದ್ದಳು. ಯಂತ್ರ ಸೊಲ್ಲೆತ್ತದೆ ಓಡುತ್ತಿತ್ತು.

"ಹೂಂ, ಕಿರುಗುಟ್ತಿದೆ," ಎಂದು ಆಕೆ ಕಾಲು ನಿಲ್ಲಿಸಿದಳು. "ಎರಡು ಹನಿ ಬಿಡಿ."