ಚಾಚಾ ಕೊಟ್ಟುಬಿಟ್ಟ ಪಾಸ್‌ಪೋರ್ಟ್

ಮೊನ್ನೆ ಕಾರಿನ ವಾರಂಟ್, ಅಂದರೆ ನಾವಿರುವ ಈ ಪರದೇಶದಲ್ಲಿ ಕಡ್ಡಾಯವಾದ ಫಿಟ್‌ನೆಸ್ ತಪಾಸಣೆ, ಮಾಡಿಸಲು ನ್ಯೂ ಲಿನ್‌ನ ಒಂದು ಗ್ಯಾರೇಜಿಗೆ ಹೋಗಿದ್ದೆ. ಬಾನೆಟ್ ಮುಟ್ಟಿ ಕೊಳೆಯಾದ ಕೈಯನ್ನು ಅಲ್ಲಿನ ಸಿಂಕಿನಲ್ಲಿ ತೊಳೆದೆ. ಗ್ರೀಸ್ ತೆಗೆಯುವ ಆ ತರಿತರಿ ಸೋಪಿನ ಕಿತ್ತಳೆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ ಚಾಚಾ ನೆನಪಾದರು. ಅವರ ಕೈಯಿಂದ ಯಾವಾಗಲೂ ಇದೇ ವಾಸನೆ ಬರುತ್ತಿತ್ತು, ಈದ್ ದಿನ ಅತ್ತರು ಹಚ್ಚಿಕೊಂಡಾಗಲೂ...

ಚಾಚಾ ವಿಜಯಪುರದ ಕಡೆಯ ಮೆಕ್ಯಾನಿಕ್. ಅರ್ಧ ಆಯುಷ್ಯ ಗಲ್ಫಿನಲ್ಲಿ ಕಳೆದವರು. ಇಲ್ಲಿಗೆ ಬಂದ ಮೊದಲ ದಿನವೇ, ಕೆಲಸ ಕೊಟ್ಟ ಗ್ಯಾರೇಜಿನ ಮಾಲೀಕನ ಕೈಗೆ ತಮ್ಮ ಪಾಸ್‌ಪೋರ್ಟ್ ಕೊಟ್ಟುಬಿಟ್ಟರು. ಕೆಲಸ ಮಾಡುವಷ್ಟು ದಿನ ಪಾಸ್‌ಪೋರ್ಟ್ ಮಾಲೀಕನ ಬಳಿಯೇ ಇರುವುದು ಗಲ್ಫಿನಲ್ಲಿ ಅವರು ಕಂಡ ಪದ್ಧತಿ. ಆ ಮುದುಕ ಏನು ಮಾಡಬೇಕೆಂದು ತಿಳಿಯದೆ ಫೋಟೊ ನೋಡಿ, ‘ನೈಸ್’ ಎಂದು ವಾಪಸು ಕೊಟ್ಟನಂತೆ. ಚಾಚಾ ಗಾಬರಿಯಾಗಿ ನಮ್ಮ ಮನೆಗೆ ಬಂದರು.

“ತಗೊಳ್ಳಾಕ ಒಲ್ಲೆ ಅಂದಬಿಟ್ಟಾನ್ರಿ. ನನಗ ಕೆಲಸ ಇಲ್ಲಂತೇನ್ರಿ ಮತ್ತ?”

ನಾನೂ ನನ್ನ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾಸ್‌ಪೋರ್ಟ್ ನಿಮ್ಮದೇ, ಇಲ್ಲಿ ಯಾರೂ ಇಟ್ಟುಕೊಳ್ಳುವಂತಿಲ್ಲ ಎಂದು ದೊಡ್ಡದಾಗಿ ವಿವರಿಸಿದೆ. ಅವರು ನಂಬಲಿಲ್ಲ. ಗಲ್ಫಿಗೆ ಹೊರಟಾಗ, ಹತ್ತನೇ ಕ್ಲಾಸು ಪಾಸಾಗಿಲ್ಲವೆಂದು ನಮ್ಮ ಸರ್ಕಾರದ ಅನುಮತಿ ಬೇಕಾಗಿತ್ತಂತೆ; ಇಲ್ಲಿಗೆ ಬರುವಾಗ ಬೇಡವೆಂದರಂತೆ. ಯಾಕೆ ಬೇಡ ಎಂದು ನನ್ನನ್ನು ಕೇಳಿದರು. ಸಾಫ್ಟ್‌ವೇರಿನವನಾದ ನನಗೇನು ಗೊತ್ತು? ಆದರೂ ಏನೋ ಒಂದು ಹೇಳಿದೆ.

ಅವರಿಗಿದ್ದದ್ದು ಒಂದೇ ಆಸೆ. ರೆಸಿಡೆನ್ಸಿ, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಸಿಗಬೇಕು, ಊರಲ್ಲಿದ್ದ ಚಾಚಿಯನ್ನು ಕರೆಸಿಕೊಳ್ಳಬೇಕು, ಈ ವಯಸ್ಸಿನಲ್ಲಾದರೂ ಇಬ್ಬರೂ ಒಂದೇ ಮನೆಯಲ್ಲಿರಬೇಕು. ಮದುವೆಯಾದಾಗಿನಿಂದ ರಜೆಯಲ್ಲಿ ಮಾತ್ರ ಸಂಸಾರ ಮಾಡಿದವರು. ಚಾಚಿ ಬರುತ್ತಾರೆಂದು ಹಿತ್ತಲಲ್ಲಿ ಮೆಂತ್ಯ ಬೇರೆ ಬಿತ್ತಿದ್ದರು...

ಆಮೇಲೆ ಆ ಮುದಿ ಮಾಲೀಕನಿಗೆ ಮಂಡಿನೋವು ಹೆಚ್ಚಾಗಿ ಗ್ಯಾರೇಜು ಮುಚ್ಚಿದ. ಚಾಚಾರ ವೀಸಾ ಅವನೊಬ್ಬನ ಹೆಸರಿಗೇ ಅಂಟಿಕೊಂಡಿತ್ತು. ಇನ್ನೊಬ್ಬ ಗ್ಯಾರೇಜಿನವನು ನಾಳೆಯಿಂದಲೇ ಬಾ ಎಂದ. ಆದರೆ ಹೊರದೇಶದವರನ್ನು ಇಟ್ಟುಕೊಳ್ಳಲು ಅವನಿಗೆ ಇಲ್ಲಿನ ಸರ್ಕಾರದ ಮಾನ್ಯತೆ ಇರಬೇಕು, ಮೊದಲು ಇಲ್ಲಿಯವರಿಗಾಗಿ ಜಾಹೀರಾತು ಕೊಡಬೇಕು, ಚಾಚಾರಿಗೆ ಹೊಸದಾಗಿ ಅನುಮತಿ ಸಿಗಬೇಕು. ನಿಯಮಗಳನ್ನು ನಾನೇ ಓದಿ ಹೇಳುತ್ತಿದ್ದೆ. ಒಂದು ಅರ್ಥವಾಯಿತು ಅನ್ನುವಷ್ಟರಲ್ಲಿ ಅದು ಬದಲಾಗಿರುತ್ತಿತ್ತು. ತಲೆ ಕೆಟ್ಟುಹೋಗುತ್ತಿತ್ತು. ಆ ಗ್ಯಾರೇಜಿನವನು ಕಾದು ಕಾದು ಕೈಬಿಟ್ಟ. ವೀಸಾದ ಅವಧಿಯೂ ಮುಗಿಯಿತು.

ಏರ್‌ಪೋರ್ಟಿಗೆ ಬಿಡಲು ನಾನೇ ಹೋಗಿದ್ದೆ. ಒಳಗೆ ಹೋಗುವ ಮುಂಚೆ ಚಾಚಾ ನಿಂತರು.

“ಗಲ್ಫಿನಾಗ ಪಾಸ್‌ಪೋರ್ಟ್ ತಾವ ಇಟ್ಕೊಂಡು ಹೋಗಾಕ ಬಿಡತಿದ್ದಿಲ್ಲ. ಇಲ್ಲಿ ಕೈಯಾಗ ಕೊಟ್ಟು ಇರಾಕ ಬಿಡವಲ್ರು. ಯಾವುದು ಛಲೋ ಹೇಳ್ರಿ?”

ತಮಾಷೆ ಮಾಡುತ್ತಿದ್ದಾರೆಂದುಕೊಂಡು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಊರಲ್ಲಿ ಕೆಲವು ತಿಂಗಳಿದ್ದು ಮತ್ತೆ ಗಲ್ಫಿಗೇ ಹೋದರು. ಕೆಲಸ ಮಾಡುತ್ತಿದ್ದ ಜಾಗದಲ್ಲೇ ಕುಸಿದುಬಿದ್ದರಂತೆ... ಮಣ್ಣೂ ಅಲ್ಲೇ ಆಯಿತು ಎಂದು ಚಾಚಿ ಫೋನಿನಲ್ಲಿ ಹೇಳಿದರು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ನಾನು ಸುಮ್ಮನೆ ಅತ್ತೆ.

ಸಿಂಕಿನ ಮುಂದೆ ನಿಂತಿದ್ದವನು ಕೈ ಒರೆಸಿಕೊಂಡು ಹೊರಗೆ ಬಂದೆ. ಗ್ಯಾರೇಜಿನವನು ಕೀ ಕೊಡುತ್ತಾ, ಮೆಕ್ಯಾನಿಕ್‌ಗಳೇ ಸಿಗುತ್ತಿಲ್ಲ ಎಂದು ಗೊಣಗಿದ. ನಿಮ್ಮ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದ.

ಒಬ್ಬರಿದ್ದಾರೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವನು ನಂಬರ್ ಬರೆದುಕೊಳ್ಳಲು ಪೆನ್ನು ತೆಗೆದ.